ಮುಂಬಾಗಿಲಿಗೆ ನಂಬರ್ ಲಾಕ್: ಹಾಕಿಸಿದವರು ಸ್ವಲ್ಪ ಹೇಳಿ

ಕುವೆಂಪುನಗರದವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರು, ಸ್ವಂತ ಮನೆ. ನಾನೂ ಯಜಮಾನರೂ ಕೆಲಸಕ್ಕೆ ಹೋಗುತ್ತೇವೆ. ಮಗ ಎಂಟನೇ ಕ್ಲಾಸು, ನಮಗಿಂತ ಮೊದಲು ಮನೆ ಸೇರುತ್ತಾನೆ. ಅತ್ತೆ ಮಾವ ಜೊತೆಗೇ ಇದ್ದಾರೆ, ಆದರೆ ಸಂಜೆ ಹೊತ್ತು ದೇವಸ್ಥಾನ, ಪಾರ್ಕು ಅಂತ ಇಬ್ಬರೂ ಆಚೆ. ಮನೆ ತುಂಬ ಬೀಗದ ಕೈ ಮಾಡಿಸಿಟ್ಟಿದ್ದೇವೆ, ಬೇಕಾದಾಗ ಒಂದೂ ಸಿಗಲ್ಲ. ಮಗ ಮೆಟ್ಟಿಲ ಮೇಲೆ ಕೂತು ಕಾಯುವುದನ್ನು ನೋಡಿ ಪಕ್ಕದ ಮನೆಯವರಿಗೇ ಬೇಜಾರಾಗಿದೆ.

ಅದಕ್ಕೆ ನಂಬರ್ ಒತ್ತಿ ತೆಗೆಯುವ ಲಾಕ್ ಹಾಕಿಸೋಣ ಅಂತ. ತೇಗದ ಬಾಗಿಲು, ಒಂದೇ ಕದ, ಸ್ವಲ್ಪ ಕೆತ್ತನೆ ಇದೆ. ಈಗಿರುವುದು ಹಳೇ ಗೋದ್ರೆಜ್ ಬೀಗ, ಒಳಗಡೆ ಟವರ್ ಬೋಲ್ಟ್. ಮುಂದೆ ಗ್ರಿಲ್ ಬಾಗಿಲು ಇದೆ. ಯಜಮಾನರು ಬೆರಳಚ್ಚಿನದ್ದೇ ಬೇಕು ಅನ್ನುತ್ತಾರೆ. ಮಾವನ ಹೆಬ್ಬೆಟ್ಟು ಪಿಂಚಣಿಯ ಜೀವನ ಪ್ರಮಾಣ ಪತ್ರಕ್ಕೇ ಸರಿಯಾಗಿ ಮೂಡಲ್ಲ, ಬಾಗಿಲಿಗೆ ಮೂಡುತ್ತಾ? ಹಾಗಂತ ನಂಬರ್ ಕೊಟ್ಟರೆ ಅವರಿಗೆ ಇತ್ತೀಚೆಗೆ ಅದೂ ಮರೆಯುತ್ತೆ. ಬ್ಯಾಟರಿ ಸತ್ತರೆ ಏನು ಗತಿ? ನಮ್ಮ ಮಾಮೂಲಿ ಕಾರ್ಪೆಂಟರ್ ಕೈಲಿ ಹಾಕಿಸಬಹುದಾ, ಕಂಪನಿಯವರೇ ಬರಬೇಕಾ? ಹಾಕಿಸಿರುವವರು ಹೇಳಿ.

ಕೋಡಿಂಗ್ ಬಸವ

ಎರಡೂ ಇರುವುದನ್ನೇ ತಗೊಳ್ಳಿ ಮೇಡಂ. ಈಗ ಬರುವ ಲಾಕ್‌ಗಳಲ್ಲಿ ಬೆರಳು, ನಂಬರ್, ಕಾರ್ಡ್, ಕೀ, ಆಪ್ ಎಲ್ಲಾ ಒಟ್ಟಿಗೇ ಸಿಗುತ್ತೆ. ಮನೆಯಲ್ಲಿ ಜಗಳವೂ ಇಲ್ಲ. ಮಾವನವರಿಗೆ ಕೀ ಚೈನಿಗೆ ಹಾಕುವ ಟ್ಯಾಗ್ ಕೊಡಿ, ಹಿಡಿದರೆ ಸಾಕು ತೆಗೆಯುತ್ತೆ.

ಸುಮ್ನೆ ಓದುವವ

ಬೀಗದ ಕೈ ಕಳೆಯುವವರಿಗೆ ಕೀ ಚೈನಿಗೆ ಹಾಕುವ ಟ್ಯಾಗ್. ಭಲೇ!

ಆಚಾರಿ ಮಗ

ಸಾಗರದ ಕಡೆ ಮರಗೆಲಸ ನಮ್ಮದು. ಈಚೆಗೆ ಈ ಲಾಕ್ ಕೂರಿಸುವ ಕೆಲಸವೂ ಬರುತ್ತಿದೆ. ಅಕ್ಕಾ, ಯಾವ ಲಾಕ್ ಅನ್ನುವುದು ಆಮೇಲಿನ ಮಾತು. ಮೊದಲು ಬಾಗಿಲು ನೋಡಿ.

ಟೇಪು ಹಿಡಿದು ಬಾಗಿಲಿನ ಅಂಚಿನಲ್ಲಿ ದಪ್ಪ ಅಳೆಯಿರಿ. ಕೆತ್ತನೆ ಇರುವ ಕಡೆ ಅಲ್ಲ, ಅಂಚಲ್ಲಿ. ಈ ಲಾಕ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಮಾರ್ಟಿಸ್, ಅಂದರೆ ಪೆಟ್ಟಿಗೆ ಬಾಗಿಲ ದಪ್ಪದ ಒಳಗೇ ಕೂರುತ್ತೆ, ಆಚೀಚೆ ಹ್ಯಾಂಡಲ್ ಬರುತ್ತೆ. ಇನ್ನೊಂದು ರಿಮ್ ಲಾಕ್, ಅದರ ಪೆಟ್ಟಿಗೆ ಒಳಗಡೆ ಬಾಗಿಲ ಮೈಮೇಲೆ ಕೂರುತ್ತೆ, ಹೊರಗಡೆ ಬರೀ ಕೀಪ್ಯಾಡ್, ನಡುವೆ ವೈರ್ ಹೋಗಲು ತೂತು. ಮಾರ್ಟಿಸ್ ಪೆಟ್ಟಿಗೆ ಸುಮಾರು 22ರಿಂದ 24 ಮಿಲಿಮೀಟರ್ ದಪ್ಪ ಇರುತ್ತೆ. ನಿಮ್ಮ ಬಾಗಿಲು 38 ಇದ್ದರೆ ಎರಡೂ ಕಡೆ ಉಳಿಯುವ ಮರ ತಲಾ 7 ಮಿಲಿಮೀಟರ್. ರೂಮಿಗೆ ಹಾಕುವ 30, 32ರ ಫ್ಲಶ್ ಡೋರ್, ಅಂದರೆ ಕೆತ್ತನೆ ಇಲ್ಲದ ಸಪಾಟು ಬಾಗಿಲು ಆದರೆ 4 ಉಳಿಯುತ್ತೆ. ಅಂಥದ್ದಕ್ಕೆ ಉಳಿ ಹಾಕಿದರೆ ಬಾಗಿಲಿನ ಆಯಸ್ಸು ಮುಗೀತು. ಒಂದು ಒದೆ ಬಿದ್ದರೆ ಲಾಕ್ ಗಟ್ಟಿಯಾಗಿರುತ್ತೆ, ಮರ ಸೀಳಿರುತ್ತೆ.

ಎರಡನೇದು, ಲಾಕ್ ಕೂರುವ ಉದ್ದನೆ ಪಟ್ಟಿಯ ಅಗಲ. ಪ್ಯಾನೆಲ್ ಬಾಗಿಲಾದರೆ, ಅಂದರೆ ಪಟ್ಟಿಗಳ ನಡುವೆ ಹಲಗೆ ಕೂರಿಸಿದ್ದಾದರೆ, ಪಟ್ಟಿ ನಾಲ್ಕು ಇಂಚಾದರೂ ಗಟ್ಟಿ ಮರ ಇರಬೇಕು. ಕೆತ್ತನೆ ಮೇಲೆ ಪ್ಲೇಟ್ ಸಮ ಕೂರಲ್ಲ, ಸಂದಿಯಲ್ಲಿ ನೀರು, ಇರುವೆ ಎಲ್ಲಾ ಹೋಗುತ್ತೆ.

ಮೂರನೇದು, ಬಾಗಿಲನ್ನು ಒಂದೇ ಬೆರಳಲ್ಲಿ ತಳ್ಳಿ. ಚಿಲಕ ತಾನಾಗಿ ಹೋಗಿ ಕೂತರೆ ಸರಿ. ಎತ್ತಿ ಒತ್ತಬೇಕು, ಭುಜ ಕೊಡಬೇಕು ಅಂದರೆ ಮೊದಲು ಹಿಂಜಸ್ ಸರಿ ಮಾಡಿಸಿ. ಕೈಯಲ್ಲಿ ಬೀಗ ಹಾಕುವಾಗ ನಾವು ಬಾಗಿಲನ್ನು ಎಳೆದು ಹೊಂದಿಸಿಕೊಳ್ಳುತ್ತೇವೆ. ಮೋಟಾರಿಗೆ ಆ ಬುದ್ಧಿ ಇಲ್ಲ. ತಳ್ಳುತ್ತೆ, ಆಗದಿದ್ದರೆ ಕುಯ್ಯೋ ಅನ್ನುತ್ತೆ, ಬ್ಯಾಟರಿ ತಿನ್ನುತ್ತೆ.

ಕುವೆಂಪುನಗರದವಳು

ಇಷ್ಟು ವಿವರ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಬಣ್ಣ ಯಾವುದು ಬೇಕು ಅಂತ ಮಾತ್ರ ಕೇಳಿದರು. ನಾಳೆ ಅಳೆದು ಹೇಳುತ್ತೇನೆ.

ಕೋಡಿಂಗ್ ಬಸವ

ಆಚಾರಿ ಮಗ ಹೇಳಿದ್ದು ಸರಿ. ಆದರೂ ಕಂಪನಿ ಟೆಕ್ನಿಷಿಯನ್ ಬಂದರೇ ವಾಸಿ. ಬೇರೆಯವರು ಹಾಕಿದರೆ ವಾರಂಟಿ ಕೊಡಲ್ಲ ಅನ್ನುವ ಕಂಪನಿಗಳಿವೆ.

ಆಚಾರಿ ಮಗ

ಟೆಕ್ನಿಷಿಯನ್ ಬರಲಿ, ಬೇಡ ಅಂದವರು ಯಾರು? ಆದರೆ ಅವರು ಬರುವುದು ಡ್ರಿಲ್ ಮೆಷಿನ್, ಹೋಲ್ ಸಾ, ಒಂದು ಪೇಪರ್ ಟೆಂಪ್ಲೇಟ್ ಹಿಡಿದುಕೊಂಡು. ಹಳೇ ಲಾಕಿನ ಗುಂಡಿ ಮುಚ್ಚಬೇಕು, ಸಂದಿಗೆ ಮರದ ಚೂರು ಪ್ಯಾಕಿಂಗ್ ಕೊಡಬೇಕು ಅಂದರೆ ನಿಮ್ಮ ಕಾರ್ಪೆಂಟರನ್ನು ಕರೀರಿ ಅಂತಾರೆ. ಹಾಗಾಗಿ ಇಬ್ಬರೂ ಒಂದೇ ದಿನ ಬರುವ ಹಾಗೆ ಮಾಡಿಕೊಳ್ಳಿ. ಪೇಪರನ್ನು ಅಂಟಿಸಿದ ಮೇಲೆ ಇನ್ನೊಮ್ಮೆ ಅಳೆಯಿರಿ. ತೇಗ, ಹೊನ್ನೆ, ಹಲಸು ಯಾವುದೇ ಆಗಲಿ, ಮೊದಲು ಸಣ್ಣ ಬಿಟ್‌ನಲ್ಲಿ ತೂತು ಹಾಕಿ ಆಮೇಲೆ ಸ್ಕ್ರೂ. ಸ್ಕ್ರೂಗೆ ಸ್ವಲ್ಪ ಸೋಪು ಸವರಿದರೆ ಸಲೀಸಾಗಿ ಹೋಗುತ್ತೆ. ಬ್ಯಾಟರಿ ಸ್ಕ್ರೂಡ್ರೈವರ್ ಜೋರು ಕೊಟ್ಟು ಸ್ಕ್ರೂ ತಲೆ ಮುರಿದು ಒಳಗೇ ಬಿಟ್ಟು ಹೋದ ಬಾಗಿಲು ಬೇಕಾದಷ್ಟು ನೋಡಿದ್ದೇನೆ.

ಟೊರೊಂಟೊ ಕನ್ನಡಿಗ

ಓದಿ ಆಶ್ಚರ್ಯ ಆಯಿತು. ಇಲ್ಲಿ ಇದು ದೊಡ್ಡ ವಿಷಯವೇ ಅಲ್ಲ. ಬಾಗಿಲಿಗೆ ಫ್ಯಾಕ್ಟರಿಯಲ್ಲೇ 54 ಮಿಲಿಮೀಟರ್ ತೂತು ಹಾಕಿ ಬಂದಿರುತ್ತೆ. ಹಳೇ ಡೆಡ್‌ಬೋಲ್ಟ್ (ಆ ತೂತಿನಲ್ಲಿ ಕೂರುವ ಬೀಗ) ಬಿಚ್ಚಿ, ಕೀಪ್ಯಾಡ್ ಇರುವುದನ್ನು ಅದೇ ತೂತಿಗೆ ಸೇರಿಸಿ, ಸ್ಕ್ರೂಡ್ರೈವರ್ ಒಂದೇ ಸಾಕು. ಊರಿಗೆ ಬಂದಾಗ ಅಮ್ಮನ ಮನೆಗೆ ಅಂತ ಇಲ್ಲಿಂದಲೇ ಒಂದು ತಂದೆ. ಅಲ್ಲಿ ಕೂರಲೇ ಇಲ್ಲ.

ಆಚಾರಿ ಮಗ

ಕೂರಲ್ಲ. ನಮ್ಮಲ್ಲಿ ಪ್ರತಿ ಬಾಗಿಲೂ ಬೇರೆ ಅಳತೆ. ವಿದೇಶದಿಂದ ಲಾಕ್ ತರುವವರು ದಯವಿಟ್ಟು ಮೊದಲು ಬಾಗಿಲಿನ ಫೋಟೋ ತರಿಸಿಕೊಳ್ಳಿ. ಸೂಟ್‌ಕೇಸ್ ತೂಕ ಉಳಿಯುತ್ತೆ.

ಧಾರವಾಡದಾಕಿ

ಒಂದು ಮಾತು ಯಾರೂ ಕೇಳಲಿಲ್ಲ. ಅಕ್ಕಾರ, ನಿಮ್ಮ ಗ್ರಿಲ್ ಬಾಗಿಲಿಗೆ ಈಗ ಏನು ಬೀಗ ಐತಿ?

ಕುವೆಂಪುನಗರದವಳು

ಮಾಮೂಲಿ ಬೀಗ. ಯಾಕೆ?

ಧಾರವಾಡದಾಕಿ

ಮತ್ತ? ಒಳಗಿನ ಬಾಗಿಲಿಗೆ ಹದಿನೈದು ಸಾವಿರದ್ದು ನಂಬರ್ ಲಾಕ್ ಹಾಕಿ, ಹೊರಗಿನ ಗ್ರಿಲ್ಲಿಗೆ ಬೀಗ ಜಡಿದರೆ ಹುಡುಗ ಮತ್ತೆ ಮೆಟ್ಟಿಲ ಮೇಲೇ ಕೂಡ್ತಾನಲ್ರೀ.

ಸುಮ್ನೆ ಓದುವವ

😂😂 ಧಾರವಾಡಕ್ಕೆ ಜೈ.

ಕುವೆಂಪುನಗರದವಳು

ಅಯ್ಯೋ! ಯಜಮಾನರಿಗೆ ಓದಿ ಹೇಳಿದೆ. ಅವರು ಸುಮ್ಮನೆ ಎದ್ದು ಹೋಗಿ ಗ್ರಿಲ್ ನೋಡಿಕೊಂಡು ಬಂದರು.

ಆಚಾರಿ ಮಗ

ಒಳ್ಳೇ ಪ್ರಶ್ನೆ. ಇದು ನಮ್ಮಲ್ಲಿ ಪ್ರತಿ ಮನೆಯ ಕಥೆ. ಹಗಲು ಗ್ರಿಲ್ಲಿಗೆ ಬರೀ ಚಿಲಕ, ಬೀಗ ರಾತ್ರಿ ಮತ್ತು ಊರಿಗೆ ಹೋದಾಗ ಮಾತ್ರ, ಹೀಗೆ ಮಾಡಿಕೊಂಡವರೇ ಜಾಸ್ತಿ.

ಇನ್ನೊಂದು. ಗ್ರಿಲ್ಲಿಗೂ ಮರದ ಬಾಗಿಲಿಗೂ ನಡುವೆ ಎಷ್ಟು ಜಾಗ ಇದೆ ಅಂತ ಅಳೆಯಿರಿ. ಎರಡೂ ಒಂದೇ ಚೌಕಟ್ಟಿಗೆ ಕೂತಿದ್ದರೆ ಜಾಗ ಬಹಳ ಕಡಿಮೆ. ಮಾರ್ಟಿಸ್ ಲಾಕಿನ ಹ್ಯಾಂಡಲ್ ಎರಡು, ಎರಡೂವರೆ ಇಂಚು ಮುಂದೆ ಚಾಚುತ್ತೆ. ಎಲ್ಲಾ ಕೊರೆದು ಕೂರಿಸಿದ ಮೇಲೆ ಗ್ರಿಲ್ ಹಾಕೋಕೆ ಹೋದರೆ ಹ್ಯಾಂಡಲ್ಲಿಗೆ ಟಣ್ ಅಂತ ಬಡಿಯುತ್ತೆ. ಆಮೇಲೆ ವೆಲ್ಡಿಂಗ್‌ನವರನ್ನು ಹುಡುಕಬೇಕು.

ನಿವೃತ್ತ ಮೇಷ್ಟ್ರು

ಇದೆಲ್ಲಾ ಯಾಕೆ ಬೇಕು? ನಮ್ಮ ಕಾಲದಲ್ಲಿ ಬಾಗಿಲಿಗೆ ಅಗುಳಿ ಹಾಕಿ ಮಲಗುತ್ತಿದ್ದೆವು. ಹೊರಗೆ ಹೋದರೆ ಬೀಗದ ಕೈ ಪಕ್ಕದ ಮನೆಯಲ್ಲಿ. ಬ್ಯಾಟರಿ ಬೇಡ, ನಂಬರ್ ಬೇಡ.

ಸುಮ್ನೆ ಓದುವವ

ಮೇಷ್ಟ್ರೇ, ಈಗಲೂ ಕೀಪ್ಯಾಡ್ ಇಲ್ಲದ ನಂಬರ್ ಲಾಕ್ ಎಲ್ಲರ ಮನೆಯಲ್ಲೂ ಇದೆ. ಮೀಟರ್ ಬೋರ್ಡಿನ ಮೇಲೆ, ಚಪ್ಪಲಿ ಸ್ಟ್ಯಾಂಡಿನ ಒಳಗೆ, ತುಳಸಿ ಕುಂಡದ ಕೆಳಗೆ. ಬೀದಿಗೆಲ್ಲಾ ಪಾಸ್‌ವರ್ಡ್ ಗೊತ್ತು.

ಕಡಲ ತಡಿ

ನಮ್ಮಲ್ಲಿ ಬಾವಿಕಟ್ಟೆ. ಅಜ್ಜಿ ಹಗ್ಗಕ್ಕೇ ಕಟ್ಟಿಡುತ್ತಿದ್ದರು.

ನಿವೃತ್ತ ಮೇಷ್ಟ್ರು

ನಗಿ ಪರವಾಗಿಲ್ಲ. ನನ್ನ ಬಳಿ ದಿಂಡಿಗಲ್ಲಿನ ಹಿತ್ತಾಳೆ ಬೀಗ ಒಂದಿದೆ, ಅಪ್ಪನ ಕಾಲದ್ದು. ತೂಕಕ್ಕೇ ಕಳ್ಳ ವಾಪಸ್ ಹೋಗಬೇಕು. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಜಿಐ ಟ್ಯಾಗ್ (ಊರಿನ ವಿಶೇಷ ವಸ್ತು ಅನ್ನುವ ಅಧಿಕೃತ ಗುರುತು) ಕೂಡ ಸಿಕ್ಕಿದೆ. ಅಲಿಗಢದ್ದೂ ಒಳ್ಳೆಯದೇ, ಆದರೆ ಇದರ ಮುಂದೆ ಇಲ್ಲ.

ಕೋಡಿಂಗ್ ಬಸವ

ಸರ್, ಬೀಗ ಗಟ್ಟಿಯೇ. ಆದರೆ ಬೀಗ ನೇತಾಡುತ್ತಿದ್ದರೆ ಮನೆಯಲ್ಲಿ ಯಾರೂ ಇಲ್ಲ ಅಂತ ಬೋರ್ಡ್ ಹಾಕಿದ ಹಾಗೆ. ಕೀಪ್ಯಾಡ್ ಲಾಕ್‌ನಲ್ಲಿ ಒಳಗೆ ಜನ ಇದ್ದಾರೋ ಇಲ್ಲವೋ ಹೊರಗಿನಿಂದ ಗೊತ್ತಾಗಲ್ಲ. ನನಗಂತೂ ಅದೇ ದೊಡ್ಡ ಲಾಭ.

ನಿವೃತ್ತ ಮೇಷ್ಟ್ರು

ಈ ಮಾತು ಒಪ್ಪುತ್ತೇನೆ.

ಕಡಲ ತಡಿ

ಬ್ಯಾಟರಿ ಬಗ್ಗೆ ಕೇಳಿದ್ದಿರಿ. ಸಾಮಾನ್ಯವಾಗಿ ನಾಲ್ಕು ಪೆನ್ಸಿಲ್ ಸೆಲ್. ಮುಗಿಯುವ ಮುಂಚೆ ಬಹಳ ದಿನ ಕೀ ಕೀ ಅಂತ ಸದ್ದು ಮಾಡುತ್ತೆ, ಕೆಂಪು ದೀಪ ತೋರಿಸುತ್ತೆ. ನಾವು ಕೇಳಿಸಿಕೊಳ್ಳಲ್ಲ, ಅದು ಬೇರೆ ವಿಷಯ. ಪೂರ್ತಿ ಸತ್ತರೂ ಹೊರಗಿನಿಂದ ಕರೆಂಟ್ ಕೊಡುವ ದಾರಿ ಇರುತ್ತೆ. ಕೆಲವಕ್ಕೆ ಕೀಪ್ಯಾಡಿನ ಕೆಳಗೆ ಎರಡು ಚುಕ್ಕಿ, ಅದಕ್ಕೆ 9 ವೋಲ್ಟಿನ ಚೌಕ ಬ್ಯಾಟರಿ ಒತ್ತಿ ಹಿಡಿದು ನಂಬರ್ ಹಾಕಬೇಕು. ಕೆಲವಕ್ಕೆ ಯುಎಸ್‌ಬಿ, ಪವರ್ ಬ್ಯಾಂಕ್ ಸಾಕು. ಯುಎಸ್‌ಬಿ ಇರುವುದನ್ನೇ ತಗೊಳ್ಳಿ, ರಾತ್ರಿ ಹತ್ತು ಗಂಟೆಗೆ ಚೌಕ ಬ್ಯಾಟರಿ ಯಾವ ಅಂಗಡಿಯಲ್ಲಿ ಸಿಗುತ್ತೆ?

ನಮ್ಮದು ಕುಂದಾಪುರ, ಉಪ್ಪು ಗಾಳಿ. ಹೊರಗಿನ ಸ್ಕ್ರೂ ತುಕ್ಕು ಹಿಡಿದಿದೆ, ಬ್ಯಾಟರಿ ಸ್ಪ್ರಿಂಗಿನ ಮೇಲೆ ಹಸಿರು ಪುಡಿ ಕೂತಿತ್ತು. ಮಳೆಗಾಲ ಶುರುವಾಗುವ ಮೊದಲು ಬಿಚ್ಚಿ ಒರೆಸಿಕೊಳ್ಳುತ್ತೇವೆ. ನಮ್ಮ ಕಡೆಯವರು ಗಾಜಿನ ಟಚ್ ಕೀಪ್ಯಾಡ್ ತಗೊಳ್ಳಬೇಡಿ. ಒದ್ದೆ ಕೈಗೆ ಸರಿಯಾಗಿ ಸ್ಪಂದಿಸಲ್ಲ. ಒತ್ತುವ ಬಟನ್ ಇರಲಿ.

ಹೊಸಬ

ಚಾರ್ಜ್ ಮಾಡುವ ಪೆನ್ಸಿಲ್ ಸೆಲ್ ಹಾಕಿದರೆ ಖರ್ಚು ಉಳಿಯುತ್ತಲ್ಲಾ?

ಕಡಲ ತಡಿ

ಬೇಡ. ಸಾಮಾನ್ಯ ಚಾರ್ಜಿಂಗ್ ಸೆಲ್ 1.2 ವೋಲ್ಟು, ಆಲ್ಕಲೈನ್ 1.5. ನಾಲ್ಕು ಸೇರಿದರೆ 6 ಇರಬೇಕಾದ ಕಡೆ 4.8. ಲಾಕು ಮೊದಲ ದಿನದಿಂದಲೇ ಬ್ಯಾಟರಿ ಕಡಿಮೆ ಅಂತ ಕಿರುಚಬಹುದು, ಇಲ್ಲವೇ ಹೇಳದೆ ಕೇಳದೆ ನಿಲ್ಲಬಹುದು. ಹಳೇದು ಹೊಸದು ಬೆರೆಸಿಯೂ ಹಾಕಬೇಡಿ. ನಾಲ್ಕೂ ಒಟ್ಟಿಗೇ ಬದಲಾಯಿಸಿ.

ಧಾರವಾಡದಾಕಿ

ಕೀಲಿಕೈ ತೂತು ಇರುವ ಮಾಡೆಲ್ಲೇ ತಗೋರಿ. ಆ ಕೀಲಿಕೈ ಮಾತ್ರ ಮನೆ ಒಳಗೆ ಕಪಾಟಿನಲ್ಲಿ ಇಡಬ್ಯಾಡ್ರಿ. ನಮ್ಮ ಓಣಿಯಲ್ಲಿ ಒಬ್ಬರು ಹಂಗೇ ಇಟ್ಟಿದ್ದರು.

ಸುಮ್ನೆ ಓದುವವ

ಕಾರ್ ಕೀ ಕಾರ್ ಒಳಗೆ ಭದ್ರವಾಗಿ ಇಡುವವರ ಸಂಘ.

ಕೋಡಿಂಗ್ ಬಸವ

ಈಗ ನಂಬರಿನ ವಿಷಯ. ನಾಲ್ಕು ಅಂಕಿ ಅಂದರೆ 10,000 ಸಾಧ್ಯತೆ, ಆರು ಅಂಕಿ ಅಂದರೆ 10 ಲಕ್ಷ. ಕೇಳೋಕೆ ಜಾಸ್ತಿ. ಆದರೆ ಒಂದೇ ನಂಬರ್ ವರ್ಷಗಟ್ಟಲೆ ಒತ್ತಿದರೆ ಆ ಬಟನ್‌ಗಳು ಮಾತ್ರ ಮಾಸುತ್ತವೆ. ನಾಲ್ಕು ಬಟನ್ ಮಾಸಿದ್ದರೆ ಕಳ್ಳನಿಗೆ ಉಳಿಯುವುದು ಬರೀ 24 ಸಾಧ್ಯತೆ. ತಮಾಷೆ ಅಂದರೆ ಮೂರೇ ಅಂಕಿ ಬಳಸಿ ಒಂದನ್ನು ಎರಡು ಸಲ ಒತ್ತಿದರೆ ಅದು 36 ಆಗುತ್ತೆ. ಕಡಿಮೆ ಬಟನ್, ಜಾಸ್ತಿ ಸಾಧ್ಯತೆ.

ನಿವೃತ್ತ ಮೇಷ್ಟ್ರು

ಅದು ಹೇಗಪ್ಪಾ? ಲೆಕ್ಕದ ಮೇಷ್ಟ್ರು ನಾನು. ಸರಿ, ಮಾಡಿಯೇ ನೋಡುತ್ತೇನೆ.

ಮಾಡಿದೆ. ಯಾವ ಅಂಕಿ ಎರಡು ಸಲ ಅನ್ನುವುದಕ್ಕೆ ಮೂರು ಆಯ್ಕೆ. ಪ್ರತಿಯೊಂದಕ್ಕೂ 24ನ್ನು ಎರಡರಿಂದ ಭಾಗಿಸಿ 12. ಒಟ್ಟು 36. ಹುಡುಗ ಸರಿಯಾಗಿಯೇ ಹೇಳಿದ್ದಾನೆ.

ಕೋಡಿಂಗ್ ಬಸವ

ಥ್ಯಾಂಕ್ಯೂ ಸರ್ 🙏 ಆದರೂ ಆರು ಅಂಕಿಯೇ ಇಡಿ. ತಪ್ಪು ನಂಬರ್ ಮತ್ತೆ ಮತ್ತೆ ಒತ್ತಿದರೆ ಬಹಳಷ್ಟು ಲಾಕ್ ಸ್ವಲ್ಪ ಹೊತ್ತು ಸುಮ್ಮನಾಗಿಬಿಡುತ್ತವೆ. ಕೆಲವದರಲ್ಲಿ ಸರಿಯಾದ ನಂಬರಿನ ಹಿಂದೆ ಮುಂದೆ ಬೇಕಾದ ಅಂಕಿ ಸೇರಿಸಿ ಒತ್ತಬಹುದು, ಪಕ್ಕದಲ್ಲಿ ನಿಂತವರಿಗೆ ತಿಳಿಯಲ್ಲ. ಬಂದ ದಿನವೇ ಡಬ್ಬದಲ್ಲಿ ಕೊಟ್ಟಿರುವ 1234, 123456 ಥರದ ಮಾಸ್ಟರ್ ಕೋಡ್ ಬದಲಾಯಿಸಿ. ಟೆಕ್ನಿಷಿಯನ್ ಹೊರಟ ಮೇಲೆ ಬದಲಾಯಿಸಿ, ಮುಂಚೆ ಅಲ್ಲ.

ಕಾಫಿ ತೋಟದವ

ಮನೆ ಮುಂದೆ ನಿಲ್ಲುವ ಸ್ಕೂಟರ್ ನಂಬರನ್ನೇ ಕೋಡ್ ಮಾಡುವವರಿಗೆ ಏನು ಹೇಳೋದು? ನಮ್ಮ ಭಾವನ ಮನೆಯಲ್ಲಿ ಹಾಗೇ ಇದೆ. ನಂಬರ್ ಪ್ಲೇಟ್ ನೋಡಿ ಒಳಗೆ ಹೋಗಬಹುದು.

ಧಾರವಾಡದಾಕಿ

ಮಾವನವರ ಮರೆವಿಗೆ ಒಂದು ಉಪಾಯ. ನಮ್ಮ ಅಪ್ಪಗೂ ಅಂಕಿ ನೆನಪಿರುವುದಿಲ್ಲ. ಆದರೆ ಕೀಪ್ಯಾಡ್ ಮೇಲೆ ಬೆರಳು ಹೋಗುವ ದಾರಿ ನೆನಪಿರುತ್ತದೆ. ಮ್ಯಾಲಿಂದ ಕೆಳಗೆ, ಆಮೇಲೆ ಬಲಕ್ಕೆ, ಹೀಂಗ. ನಂಬರ್ ಏನಪಾ ಅಂತ ಕೇಳಿದರೆ ಅವರಿಗೆ ಹೇಳಾಕ ಬರೂದಿಲ್ಲ. ನಿಂತು ಒತ್ತಂದ್ರ ಒತ್ತತಾರ. ಅವರಿಗೇ ಬೇರೆ ಕೋಡ್ ಕೊಡ್ರಿ, ನೇರ ಸಾಲು ಮಾತ್ರ ಬ್ಯಾಡ.

ಕುವೆಂಪುನಗರದವಳು

ಇದು ತುಂಬಾ ಚೆನ್ನಾಗಿದೆ. ಮಾವನಿಗೆ ಹಳೇ ಲ್ಯಾಂಡ್‌ಲೈನ್ ನಂಬರ್ ಬೆರಳಿಗೆ ಈಗಲೂ ಬರುತ್ತೆ. ಅದರಲ್ಲಿ ಏನಾದರೂ ಮಾಡಬಹುದು.

ಕಾಫಿ ತೋಟದವ

ಚಿಕ್ಕಮಗಳೂರಿನ ಹತ್ತಿರ ಸಣ್ಣ ಹೋಂಸ್ಟೇ ಇದೆ ನಮ್ಮದು. ಅತಿಥಿಗಳು ಘಾಟಿ ಹತ್ತಿ ಬರುವಷ್ಟರಲ್ಲಿ ಮಧ್ಯರಾತ್ರಿ. ಅವರು ಇರುವ ದಿನಗಳಿಗೆ ಮಾತ್ರ ನಡೆಯುವ ಕೋಡ್ ಕಳಿಸುತ್ತೇವೆ, ಹೊರಟ ಮೇಲೆ ಅದು ಸಾಯುತ್ತೆ. ಅನುಕೂಲ ಅಂದರೆ ಇದು. ತೊಂದರೆ ಮಳೆಗಾಲದ್ದು. ಜುಲೈ ಬಂತೆಂದರೆ ಬಾಗಿಲು ಉಬ್ಬುತ್ತೆ, ಬೋಲ್ಟು ಚೌಕಟ್ಟಿನ ತೂತಿಗೆ ಸರಿ ಹೊಂದಲ್ಲ. ಬೇಸಗೆಯಲ್ಲಿ ಹಾಕಿಸಿದ್ದು, ಆಗ ಬೆಣ್ಣೆಯ ಹಾಗೆ ಹೋಗುತ್ತಿತ್ತು.

ಆಚಾರಿ ಮಗ

ಚೌಕಟ್ಟಿನ ಪ್ಲೇಟಿನ ತೂತನ್ನು ಅರದಲ್ಲಿ ಒಂದೆರಡು ಮಿಲಿಮೀಟರ್ ಅಗಲ ಮಾಡಿ, ಹಿಂದಿನ ಮರವನ್ನೂ ಅಷ್ಟೇ ಕೆತ್ತಿ. ಬಾಗಿಲ ಮೇಲಂಚು, ಕೆಳಂಚು ನೋಡಿ. ಪಾಲಿಶ್ ಮಾಡುವವರು ಅಲ್ಲಿ ಬ್ರಶ್ ಆಡಿಸುವುದೇ ಇಲ್ಲ, ನೀರು ಕುಡಿಯುವುದು ಅಲ್ಲಿಂದಲೇ. ಮಳೆ ನಡುವೆ ಬಾಗಿಲು ಹೆರೆಸಬೇಡಿ, ಮಾರ್ಚಿನಲ್ಲಿ ಸಂದಿ ಕಾಣುತ್ತೆ.

ಹೊಸಬ

ಕೆಲಸದವರಿಗೆ ಬೇರೆ ಕೋಡ್ ಕೊಟ್ಟರೆ ಅವರು ಎಷ್ಟು ಗಂಟೆಗೆ ಬಂದರು ಅಂತ ಫೋನಿನಲ್ಲೇ ನೋಡಬಹುದಂತೆ. ಲೇಟಾಗಿ ಬಂದು ಬೇಗ ಬಂದೆ ಅನ್ನುವುದು ನಿಲ್ಲುತ್ತೆ.

ಧಾರವಾಡದಾಕಿ

ಮನೆ ಕೆಲಸಕ್ಕೆ ಬರುವ ಬಾಯಿ ಅಂದರೆ ಆಫೀಸಿನ ಹಾಜರಿ ಪುಸ್ತಕ ಏನ್ರೀ? ಹಾಕುವುದಾದರೆ ಅವರಿಗೆ ಹೇಳಿ ಹಾಕಿರಿ. ಕದ್ದು ನೋಡುವುದು ಸರಿ ಅಲ್ಲ.

ಹೊಸಬ

ನಮ್ಮ ಮನೆ, ನಮ್ಮ ಬಾಗಿಲು. ತಪ್ಪೇನು?

ಕೋಡಿಂಗ್ ಬಸವ

ನಿಮ್ಮ ಆಫೀಸಿನಲ್ಲಿ ನಿಮಗೆ ಹೇಳದೆ ಹೀಗೆ ನೋಡಿದರೆ ಇಲ್ಲೇ ಬಂದು ಪೋಸ್ಟ್ ಹಾಕುತ್ತೀರಿ. ಬೇರೆ ಕೋಡ್ ಕೊಡುವುದು ಒಳ್ಳೆಯದೇ, ಯಾಕೆಂದರೆ ಅವರು ಕೆಲಸ ಬಿಟ್ಟ ದಿನ ಅದನ್ನು ಮಾತ್ರ ಅಳಿಸಿದರೆ ಆಯಿತು. ಏನಾದರೂ ಕಳೆದರೆ ಅವರ ಮೇಲೆ ಸುಮ್ನೆ ಅನುಮಾನ ಬರುವುದೂ ತಪ್ಪುತ್ತೆ.

ಹೊಸಬ

ಸರಿ ಬಿಡಿ, ಹೇಳಿಯೇ ಕೊಡುತ್ತೇನೆ. ಆದರೆ ಟೈಮ್ ನೋಡೇ ನೋಡುತ್ತೇನೆ 😄

ಪಾಲಿಸಿ ರಾಯರು

ಮಧ್ಯೆ ಬಾಯಿ ಹಾಕುತ್ತೇನೆ. ಮನೆಗೆ ಕಳ್ಳತನದ ವಿಮೆ ಮಾಡಿಸಿದವರು ಪಾಲಿಸಿ ತೆಗೆದು ಓದಿ. ಸಾಮಾನ್ಯವಾಗಿ ಬಲವಂತವಾಗಿ ಒಡೆದು ನುಗ್ಗಿದ್ದಕ್ಕೆ ಗುರುತು ಇರಬೇಕು ಅಂತ ಇರುತ್ತೆ. ಯಾರೋ ಕೋಡ್ ಒತ್ತಿ ಆರಾಮಾಗಿ ಒಳಗೆ ಬಂದು ಹೋದರೆ ಮುರಿದದ್ದು ಏನೂ ಇಲ್ಲ. ಕ್ಲೇಮಿಗೆ ಹೋದಾಗ ಜಗ್ಗಾಟ ಶುರು. ಕಳ್ಳಕೀ ಹಾಕಿ ತೆಗೆದರೂ ಇದೇ ಕಥೆ, ನಂಬರ್ ಲಾಕಿಗೆ ಮಾತ್ರ ಅಲ್ಲ.

ಕಡಲ ತಡಿ

ಆಟೋ ಲಾಕ್ ಬಗ್ಗೆ ಯಾರೂ ಹೇಳಲಿಲ್ಲ. ಬಾಗಿಲು ಹಾಕಿದ ಕೆಲವೇ ಸೆಕೆಂಡಿಗೆ ತಾನೇ ಲಾಕ್ ಆಗುತ್ತೆ. ನಮ್ಮ ಚಿಕ್ಕಮ್ಮ ಒಲೆ ಮೇಲೆ ಹಾಲಿಟ್ಟು ರಂಗೋಲಿ ಹಾಕಲು ಹೊರಗೆ ಬಂದರು. ಗಾಳಿಗೆ ಬಾಗಿಲು ಹಾಕಿಕೊಂಡಿತು. ಕೋಡ್ ಗೊತ್ತಿದ್ದದ್ದು ಮಗನಿಗೆ ಮಾತ್ರ, ಅವನು ಬೆಂಗಳೂರಿನಲ್ಲಿ. ಫೋನು ಮನೆಯೊಳಗೆ. ಎದುರು ಮನೆಯವರ ಫೋನಿನಿಂದ ಮಗನ ನಂಬರ್ ಒತ್ತೋಣ ಅಂದರೆ ಅದೂ ಬಾಯಿಪಾಠ ಇಲ್ಲ. ಹಾಲು ಉಕ್ಕಿ, ಪಾತ್ರೆ ಸುಟ್ಟು, ಹೊಗೆ ಬಂದು ಗಲಾಟೆಯೋ ಗಲಾಟೆ. ಕೊನೆಗೆ ಅಡುಗೆಮನೆ ಕಿಟಕಿಯಿಂದ ಕೋಲು ಹಾಕಿ ಸ್ಟವ್ ಆಫ್ ಮಾಡಿದರು.

ಮನೆಯಲ್ಲಿ ವಯಸ್ಸಾದವರಿದ್ದರೆ ಆಟೋ ಲಾಕ್ ಆಫ್ ಮಾಡಿಡಿ. ಒಳಗಿನಿಂದ ಹ್ಯಾಂಡಲ್ ತಿರುಗಿಸಿದರೆ ಸಾಕು, ನಂಬರ್ ಇಲ್ಲದೆ ತೆಗೆಯುವಂತಿರಬೇಕು. ಬೆಂಕಿ ಗಿಂಕಿ ಆದರೆ ಕತ್ತಲಲ್ಲಿ ಬಟನ್ ಹುಡುಕೋಕಾಗುತ್ತಾ?

ಕುವೆಂಪುನಗರದವಳು

ಅಳೆದೆವು. ಬಾಗಿಲ ಅಂಚಿನಲ್ಲಿ 36 ಮಿಲಿಮೀಟರ್. ಪಟ್ಟಿ ನಾಲ್ಕು ಇಂಚಿಗೆ ಸ್ವಲ್ಪ ಕಡಿಮೆ, ಅದರಲ್ಲೂ ಕೆತ್ತನೆ ಅರ್ಧ ಇಂಚು ತಿಂದಿದೆ. ಗ್ರಿಲ್ಲಿಗೂ ಬಾಗಿಲಿಗೂ ನಡುವೆ ಎರಡು ಇಂಚು ಇದ್ದರೆ ಹೆಚ್ಚು. ಬಾಗಿಲು ಕೆಳಗಡೆ ಹೊಸ್ತಿಲಿಗೆ ಸ್ವಲ್ಪ ಉಜ್ಜುತ್ತೆ ಕೂಡ.

ಆಚಾರಿ ಮಗ

ಹಾಗಾದರೆ ಮಾರ್ಟಿಸ್ ಮರೆತುಬಿಡಿ. ರಿಮ್ ಲಾಕ್ ತಗೊಳ್ಳಿ. ಹೊರಗಡೆ ತೆಳ್ಳನೆ ಕೀಪ್ಯಾಡ್ ಮಾತ್ರ ಇರಬೇಕು, ಅದರ ಅಗಲ ಕೆತ್ತನೆ ಬಿಟ್ಟು ಉಳಿದ ಜಾಗಕ್ಕೆ ಸಾಲುತ್ತಾ ಅಂತ ಡಬ್ಬದ ಮೇಲೆ ನೋಡಿ. ಹಳೇ ಬೀಗ ತೆಗೆಯಬೇಡಿ, ಹಾಗೇ ಇರಲಿ. ಊರಿಗೆ ಹೋದಾಗ ಅದನ್ನೂ ಹಾಕಿ. ಮೇಲಿನ ಹಿಂಜಸ್ ಸ್ಕ್ರೂ ಸಡಿಲ ಆಗಿರಬಹುದು, ಬಾಗಿಲು ಉಜ್ಜುವುದು ಸಾಮಾನ್ಯವಾಗಿ ಅದಕ್ಕೇ. ಲಾಕ್ ಬರುವ ಮೊದಲು ಅದನ್ನು ಬಿಗಿ ಮಾಡಿಸಿ.

ಕೋಡಿಂಗ್ ಬಸವ

ರಿಮ್‌ನಲ್ಲೂ ಬೆರಳಚ್ಚು ಇರುವ ಮಾಡೆಲ್ ಬರುತ್ತೆ. ಯಜಮಾನರಿಗೆ ಹೇಳಿ.

ಕುವೆಂಪುನಗರದವಳು

ಹೇಳಿದೆ. ಖುಷಿಯಾಗಿದ್ದಾರೆ. ಈ ಭಾನುವಾರ ಕಾರ್ಪೆಂಟರ್ ಬರುತ್ತಾರೆ. ಅತ್ತೆ ಮಾತ್ರ ಒಂದೇ ಕೇಳುತ್ತಿದ್ದಾರೆ, ಆಯುಧಪೂಜೆಗೆ ಅದಕ್ಕೆ ಕುಂಕುಮ ಹಚ್ಚಬಹುದಾ ಅಂತ.

ಕಡಲ ತಡಿ

ಬದಿಗೆ ಹಚ್ಚಿ. ಬೆರಳಿಡುವ ಗಾಜಿನ ಮೇಲೆ ಬೇಡ, ಬಟನ್ ಸಂದಿಗೂ ಬೇಡ. ನೀರು ಚಿಮುಕಿಸುವುದಂತೂ ಬೇಡವೇ ಬೇಡ.

ಹೊಸಬ

ಕಬ್ಬಿಣದ ಗೇಟಿಗೂ ಇಂಥದ್ದು ಹಾಕಬಹುದಾ? ನಮ್ಮದು ಎರಡು ಬಾಗಿಲಿನ ಗೇಟು, ಮಳೆ ನೇರ ಬೀಳುತ್ತೆ.

ಆಚಾರಿ ಮಗ

ಅದು ವೆಲ್ಡಿಂಗ್‌ನವರ ವಿಷಯ ಮಾರಾಯ್ರೆ, ನನ್ನನ್ನು ಕೇಳಬೇಡಿ. ಬೇರೆ ಪೋಸ್ಟ್ ಹಾಕಿ, ಗೇಟಿನ ಫೋಟೋ ಇರಲಿ.